ಮಷೀನು ಬರೆಯೋ ಲೆಕ್ಕಾನ ನಾವೂ ಓದಬೇಕು ಕಣ್ರೇ

ಗೊರಕೆ, ಉಸಿರು ಕಟ್ಟೋದು ಅಂತ ಡಾಕ್ಟರ್ ಹತ್ರ ಹೋದವರ ಮನೇಲೆಲ್ಲ ಈಗ ಮಂಚದ ಪಕ್ಕ ಒಂದು ಸಿಪ್ಯಾಪ್ ಮಷೀನು. ನಮ್ಮ ರಾಜಾಜಿನಗರ, ಬಸವೇಶ್ವರನಗರದ ಕಡೆ ತರಕಾರಿ ತರೋಕೆ ಹೋದಾಗಲೂ ಇದೇ ಮಾತು. "ನಮ್ಮೆಜಮಾನ್ರಿಗೆ ಇವತ್ತು ಎರಡು ಬಂತು, ನಿಮ್ಮನೇಲಿ?" ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕೇಳಿದ ಹಾಗೆ! ಆ ಒಂದು ನಂಬರ್ ಹಿಡ್ಕೊಂಡು ಸಮಾಧಾನ ಮಾಡ್ಕೊಳ್ಳೋದು ಸಾಲದು ಅನ್ನೋದು ನನ್ನ ಅಭಿಪ್ರಾಯ.

ಆ ನಂಬರಿಗೆ ಎಎಚ್‌ಐ ಅಂತಾರೆ. ನಿದ್ದೇಲಿ ಉಸಿರು 10 ಸೆಕೆಂಡ್ ಅಥವಾ ಹೆಚ್ಚು ಹೊತ್ತು ನಿಂತಿದ್ದು, ಇಲ್ಲಾ ತೀರಾ ಕಮ್ಮಿ ಆಗಿದ್ದು, ಗಂಟೆಗೆ ಸರಾಸರಿ ಎಷ್ಟು ಸಲ ಅನ್ನೋ ಲೆಕ್ಕ. 5ರ ಒಳಗಿದ್ರೆ ಒಳ್ಳೇದು, ಪರೀಕ್ಷೇಲಿ 30 ದಾಟಿದ್ರೆ ತೀವ್ರ. ಆದ್ರೆ ಮಾಸ್ಕ್ ಮುಖದ ಮೇಲಿದ್ದಷ್ಟು ಹೊತ್ತಿನದು ಮಾತ್ರ ಮಷೀನಿಗೆ ಗೊತ್ತು. ರಾತ್ರಿ ಎರಡು ಗಂಟೆಗೆ ಕಿತ್ತಿಟ್ಟು ಮಲಗಿದ್ರೆ ಆಮೇಲಿನದು ಲೆಕ್ಕಕ್ಕೇ ಇಲ್ಲ. ಕನಸಿನ ನಿದ್ದೆ ಬೆಳಗಿನ ಜಾವ ಜಾಸ್ತಿ, ಬಹಳ ಜನಕ್ಕೆ ಉಸಿರು ಕಟ್ಟೋದೂ ಆಗಲೇ ಜಾಸ್ತಿ. ಅದಕ್ಕೇ ಮೊದಲು ನೋಡಬೇಕಾದ್ದು ಎಷ್ಟು ಗಂಟೆ ಹಾಕ್ಕೊಂಡ್ರು ಅನ್ನೋದು.

ಎರಡನೇದು ಲೀಕ್. ಕುಕ್ಕರ್ ಗ್ಯಾಸ್ಕೆಟ್ ಸಡಿಲ ಆದ್ರೆ ಆವಿ ಪಕ್ಕದಿಂದ ಹೋಗುತ್ತೆ. ಆಗ ಕೂಗು ಎಣಿಸಿ ಬೇಳೆ ಬೆಂತು ಅನ್ನೋಕಾಗುತ್ತಾ? ಇಲ್ಲೂ ಹಾಗೇ. ಮಾಸ್ಕ್ ಸಂದಿಯಿಂದಲೋ ತೆರೆದ ಬಾಯಿಂದಲೋ ಗಾಳಿ ಸೋರಿದ್ರೆ ಒತ್ತಡಾನೂ ಸರಿಯಾಗಿ ಸಿಗಲ್ಲ, ಮಷೀನಿನ ಎಣಿಕೇನೂ ನಂಬೋ ಹಾಗಿರಲ್ಲ.

ಮೂರನೇದು ಪ್ರೆಷರ್. ಅದನ್ನ ನಾವು ಓದಬೇಕು, ಮುಟ್ಟಬಾರದು. ಕೆಲವು ಸಲ ಗಂಟಲು ತೆರೆದೇ ಇರುತ್ತೆ, ಉಸಿರಾಡು ಅಂತ ಮೆದುಳು ಹೇಳೋದೇ ತಡವಾಗುತ್ತೆ. ರಿಪೋರ್ಟಲ್ಲಿ ಅದು ಬೇರೆ ಸಾಲಿನಲ್ಲಿ ಬರುತ್ತೆ. ಅಂಥದಕ್ಕೆ ಪ್ರೆಷರ್ ಏರಿಸಿದ್ರೆ ಕೆಲವರಿಗೆ ಇನ್ನೂ ಹೆಚ್ಚಾಗಬಹುದು. ಹಾಗಾಗಿ ಪಕ್ಕದ ಮನೆಯವರ ಸೆಟ್ಟಿಂಗ್ ನಮಗೆ ಬೇಡ, ಡಾಕ್ಟರೇ ನೋಡಲಿ.

ಹಾಗಂತ ಈ ಲೆಕ್ಕ ಇಟ್ಕೊಂಡು ಬೆಳಿಗ್ಗೆ ಕಾಫಿ ಹೊತ್ತಿಗೇ "ನಿನ್ನೆ ಬರೀ ಮೂರು ಗಂಟೆ" ಅಂತ ಜಗಳಕ್ಕೆ ನಿಂತ್ರೆ ಮಷೀನು ಅಟ್ಟ ಸೇರುತ್ತೆ ಅಷ್ಟೇ. ಯಾಕೆ ತೆಗೆದ್ರಿ ಅಂತ ಕೇಳಿ. ಮೂಗು ಒಣಗಿತಾ, ಮೂಗಿನ ಮೇಲೆ ಒತ್ತಿತಾ, ಗಾಳಿ ಜೋರಾಯ್ತಾ? ಒಂದೊಂದಕ್ಕೂ ಪರಿಹಾರ ಇದೆ. ಕಾರಣ ಗೊತ್ತಾಗಬೇಕಷ್ಟೆ.

ಇನ್ನೊಂದು ಮಾತು. ಗಂಡಂದಿರ ರಿಪೋರ್ಟ್ ಇಷ್ಟು ಓದ್ತೀವಲ್ಲ, ನಮ್ಮದನ್ನ ಯಾರು ಓದ್ತಾರೆ? ಮುಟ್ಟು ನಿಂತ ಮೇಲೆ ಹೆಂಗಸರಿಗೂ ಈ ತೊಂದರೆ ಹೆಚ್ಚಾಗುತ್ತೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಜೋರು ಗೊರಕೆ ಇರಲ್ಲ. ಬೆಳಗಿನ ತಲೆನೋವು, ಸುಸ್ತು, ನಡುರಾತ್ರಿ ಎಚ್ಚರ, ಇಷ್ಟೇ. ಅದನ್ನ ಥೈರಾಯ್ಡ್, ಟೆನ್ಷನ್, ವಯಸ್ಸಾಯ್ತು ಅಂತ ತಳ್ಳಿಹಾಕ್ತೀವಿ. ಗೊರಕೆ ಇದ್ದವರೂ ನಾಚಿಕೆಗೆ ಬಾಯಿ ಬಿಡಲ್ಲ. ಉಸಿರು ಕಟ್ಟೋದನ್ನ ಹಾಗೇ ಬಿಟ್ರೆ ಬಿಪಿಗೂ ಹೃದಯಕ್ಕೂ ಒಳ್ಳೇದಲ್ಲ. ಅದಕ್ಕೆ ಹೆಂಗಸು ಗಂಡಸು ಅಂತ ಭೇದ ಇಲ್ಲ. ನಮ್ಮೂರಲ್ಲೇ ನಿಮ್ಹಾನ್ಸ್ ಇದೆ, ನಿದ್ದೆ ಪರೀಕ್ಷೆ ಮಾಡೋ ಬೇರೆ ಆಸ್ಪತ್ರೆಗಳೂ ಇವೆ.

ಮುಂದಿನ ಸಲ ಯಜಮಾನ್ರ ಒಂದು ತಿಂಗಳ ರಿಪೋರ್ಟ್ ಹಿಡ್ಕೊಂಡು ಡಾಕ್ಟರ್ ಹತ್ರ ಹೋದಾಗ, ಕುರ್ಚಿಯಿಂದ ಏಳೋ ಮುಂಚೆ ನಿಮ್ಮ ನಿದ್ದೆ ವಿಷಯಾನೂ ಹೇಳಿ ಬನ್ನಿ.