ಡಬ್ಬಿಯ ಪುಡಿಯೋ, ಹೊಲದ ಹುರುಳಿಯೋ?

ನಾಗಮಂಗಲ ತಾಲೂಕಿನ ಬಿಂಡಿಗನವಿಲೆ ಎಂದೊಡನೆ ಆಸ್ತಿಕರಿಗೆ ನೆನಪಾಗುವುದು ಅಲ್ಲಿನ ಗರುಡ. ಬೇಸಾಯ ಬಲ್ಲವರಿಗೆ ನೆನಪಾಗುವುದು ಒಣಭೂಮಿ, ನೆಚ್ಚಲಾಗದ ಮಳೆ, ರಾಗಿ ಮತ್ತು ಹುರುಳಿ. ಅದೇ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರಗಳ ಕಡೆ ಕಾವೇರಿಯ ನಾಲೆಗಳು ಹರಿದು ಕಬ್ಬು, ಭತ್ತ ತುಂಬಿಕೊಂಡಿದ್ದರೆ, ಈ ಕಡೆಯ ಹೊಲಗಳು ಮುಗಿಲನ್ನು ನೋಡುವುದನ್ನು ಬಿಟ್ಟಿಲ್ಲ. ಈ ಹೊಲಗಳ ಮಕ್ಕಳು ಇಂದು ಬೆಂಗಳೂರು, ಮೈಸೂರುಗಳಲ್ಲಿ ಕೆಲಸದಲ್ಲಿದ್ದಾರೆ. ಸಂಜೆ ಜಿಮ್ಮಿಗೆ ಹೋಗುತ್ತಾರೆ. ಅಲ್ಲಿ ಅವರಿಗೆ ಮೊದಲು ಸಿಗುವ ಉಪದೇಶ, ಕಿಲೋಗೆ ಸಾವಿರಾರು ರೂಪಾಯಿ ಬೆಲೆಯ ಪ್ರೋಟೀನ್ ಪುಡಿಯ ಡಬ್ಬಿಯನ್ನು ಕೊಳ್ಳಬೇಕೆಂಬುದು. ಊರಿನಲ್ಲಿ ಹುರುಳಿಗೆ ಬೆಲೆಯಿಲ್ಲ. ನಗರದಲ್ಲಿ ಪ್ರೋಟೀನಿಗೆ ಬೆಲೆಯ ಮಿತಿಯಿಲ್ಲ.

ಇದರ ಜೊತೆಗೆ ಕೆಲವು ವರ್ಷಗಳಿಂದ ಮತ್ತೊಂದು ಪ್ರಶ್ನೆ ಸೇರಿಕೊಂಡಿದೆ. ಮಾಂಸ, ಮೊಟ್ಟೆಗಳನ್ನಷ್ಟೇ ಅಲ್ಲ, ಹಾಲು, ಮೊಸರು, ತುಪ್ಪ, ಜೇನನ್ನೂ ತ್ಯಜಿಸುವ ವೀಗನ್ ಪದ್ಧತಿ ನಗರಗಳ ಯುವಜನರನ್ನು ಸೆಳೆಯುತ್ತಿದೆ. ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿಯೇ ವೀಗನ್ ಆಹಾರಕ್ಕೆ ಪ್ರತ್ಯೇಕ ನಿಯಮಾವಳಿಯನ್ನೂ ಚಿಹ್ನೆಯನ್ನೂ ಜಾರಿಗೆ ತಂದಿತು. 2025ರ ಸೆಪ್ಟೆಂಬರಿನ ಜಿಎಸ್‌ಟಿ ಪರಿಷ್ಕರಣೆಯಲ್ಲಿ ಸೋಯಾ ಹಾಲು ಹಾಗೂ ಇತರ ಸಸ್ಯಜನ್ಯ ಹಾಲಿನ ಪಾನೀಯಗಳ ತೆರಿಗೆ ಶೇ 5ಕ್ಕೆ ಇಳಿಯಿತು. ಹಾಲನ್ನೂ ಬಿಟ್ಟು, ಮೊಟ್ಟೆಯನ್ನೂ ಬಿಟ್ಟು ಮೈಕಟ್ಟು ಬೆಳೆಸುವುದು ಸಾಧ್ಯವೇ? ಸಾಧ್ಯವೆಂದರೆ ಯಾವ ಕಾಳು, ಎಷ್ಟು, ಹೇಗೆ?

ಮೊದಲೇ ಒಂದು ಮಾತು. ಮಂಡ್ಯ ಸೀಮೆಯ ಊಟ ವೀಗನ್ ಊಟವಾಗಿತ್ತು ಎಂದು ಯಾರೂ ಹೇಳಲಾರರು. ಮುದ್ದೆಯ ಪಕ್ಕದಲ್ಲಿ ಸೊಪ್ಪಿನ ಬಸ್ಸಾರು ಎಷ್ಟು ಸಹಜವೋ, ಹಬ್ಬ ಹರಿದಿನಗಳಲ್ಲಿ ನಾಟಿ ಕೋಳಿಯ ಸಾರು ಅಷ್ಟೇ ಸಹಜ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟದ ಬೇಡಿಕೆ ಎಂತಹ ಚರ್ಚೆಯನ್ನೆಬ್ಬಿಸಿತು ಎಂಬುದು ಓದುಗರಿಗೆ ನೆನಪಿರಬಹುದು. ಗರಡಿಮನೆಗಳ ಪೈಲ್ವಾನರ ಆಹಾರದಲ್ಲಿಯೂ ನೆನೆಸಿದ ಕಡಲೆ, ಬಾದಾಮಿಗಳ ಜೊತೆಗೆ ಹಾಲು, ತುಪ್ಪಕ್ಕೆ ದೊಡ್ಡ ಪಾಲಿತ್ತು. ಇನ್ನು ಹಾಲು ಈ ಜಿಲ್ಲೆಯಲ್ಲಿ ಬರೀ ಆಹಾರವಲ್ಲ. ಬೆಳಿಗ್ಗೆ ಸಂಜೆ ಡೇರಿಗೆ ಹಾಕಿದ ಹಾಲಿನ ಹಣದಲ್ಲಿಯೇ ಅಂಗಡಿಯ ಸಾಲ ತೀರುವ ಮನೆಗಳಲ್ಲಿ ‘ಹಾಲು ಬಿಡಿ’ ಎಂಬ ಉಪದೇಶ ಬೇಗನೆ ಇಳಿಯುವಂಥದ್ದಲ್ಲ. ವೀಗನ್ ಆಗುವುದೂ ಬಿಡುವುದೂ ಅವರವರ ಆತ್ಮಸಾಕ್ಷಿಗೆ ಸೇರಿದ್ದು. ಇಲ್ಲಿ ಚರ್ಚೆಗಿರುವುದು ಲೆಕ್ಕ ಮಾತ್ರ.

ಲೆಕ್ಕ ಹೀಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಗಳು 2020ರಲ್ಲಿ ನಿಗದಿಪಡಿಸಿದಂತೆ ಆರೋಗ್ಯವಂತ ವಯಸ್ಕನಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸಾಕು. 60 ಕಿಲೋ ತೂಕದವನಿಗೆ ಇದು 50 ಗ್ರಾಂ. ಭಾರ ಎತ್ತಿ ಸ್ನಾಯು ಬೆಳೆಸಬೇಕೆನ್ನುವವನಿಗೆ ಇದಕ್ಕಿಂತ ಹೆಚ್ಚು ಬೇಕು, ನಿಜ. ಆದರೆ ಆ ಹೆಚ್ಚಳಕ್ಕೂ ಮೇರೆಯಿದೆ. 2024ರ ಮೇ ತಿಂಗಳಲ್ಲಿ ಇದೇ ಸಂಸ್ಥೆಗಳು ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ, ಕಿಲೋಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ತಿಂದ ಪ್ರೋಟೀನಿನಿಂದ ವ್ಯಾಯಾಮದ ಫಲ ಹೆಚ್ಚುವುದಿಲ್ಲ. ಅಂದರೆ ನಮ್ಮ 60 ಕಿಲೋ ತರುಣನಿಗೆ ಮೇಲಿನ ಮಿತಿ 96 ಗ್ರಾಂ. 75 ಗ್ರಾಂ ಆಸುಪಾಸಿನಲ್ಲಿದ್ದರೂ ಕೆಲಸ ಸಾಗುತ್ತದೆ. ಜಿಮ್ಮುಗಳ ಗೋಡೆಗಳ ಮೇಲೆ ಕಾಣುವ ಅಂಕಿಗಳು ಇದಕ್ಕಿಂತ ಬಹಳ ದೊಡ್ಡವು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಮಾರ್ಗಸೂಚಿ ಪ್ರೋಟೀನ್ ಪುಡಿಗಳ ಬಳಕೆ ಬೇಡವೆಂದೂ ಹೇಳಿತು. ಅದೇ ವರ್ಷ ಕೇರಳದ ವೈದ್ಯರು ಭಾರತದ ಮಾರುಕಟ್ಟೆಯ 36 ಪುಡಿಗಳನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ 70ರಷ್ಟು ಡಬ್ಬಿಗಳ ಮೇಲಿನ ಪ್ರೋಟೀನ್ ಪ್ರಮಾಣ ಒಳಗಿದ್ದುದಕ್ಕೆ ತಾಳೆಯಾಗಲಿಲ್ಲ. ಕೆಲವುಗಳಲ್ಲಿ ಬೂಷ್ಟಿನ ವಿಷವೂ ಕೀಟನಾಶಕದ ಶೇಷವೂ ಇದ್ದವು. ಪುಡಿ ಎಂದ ಮಾತ್ರಕ್ಕೆ ಎಲ್ಲವೂ ಮೋಸವಲ್ಲ. ಆದರೆ ಹಣ ತೆತ್ತವನಿಗೆ ತಾನೇನು ಕುಡಿಯುತ್ತಿದ್ದೇನೆಂದು ತಿಳಿಯುವ ದಾರಿಯಿಲ್ಲದಿರುವುದು ಸಣ್ಣ ಸಂಗತಿಯೇನಲ್ಲ.

ಕಾಳಿನ ಗುಣ, ಕಾಳಿನ ಕೊರತೆ

ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕವನ್ನು ತೆರೆದರೆ ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಕಾಣುತ್ತದೆ. ಹೆಸರುಕಾಳು, ತೊಗರಿಬೇಳೆಗಳೂ ಅದೇ ಮಟ್ಟದಲ್ಲಿವೆ. ಅಲಸಂದೆ, ಅವರೆ ಸುಮಾರು 20. ಕಡಲೆಕಾಯಿ ಬೀಜ 23ರ ಮೇಲೆ. ರಾಗಿಯಲ್ಲಿ 7, ಅಕ್ಕಿಯಲ್ಲಿ 8 ಗ್ರಾಂ. ಸೋಯಾ ಅವರೆ ಮಾತ್ರ 35ಕ್ಕೂ ಮೇಲೆ. ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡುವ ಸೋಯಾ ಚಂಕ್ಸ್‌ನಲ್ಲಿ ಪ್ರೋಟೀನ್ ಅರ್ಧದಷ್ಟಿರುತ್ತದೆ.

ಅಂಕಿ ಒಂದೇ ಸಾಲದು. ಶಾಲೆಯ ಪುಸ್ತಕಗಳು ಸಸಾರಜನಕ ಎಂದು ಕಲಿಸಿದ ಈ ವಸ್ತು ಅಮೈನೋ ಆಮ್ಲಗಳೆಂಬ ಬಿಡಿ ಇಟ್ಟಿಗೆಗಳಿಂದ ಆದದ್ದು. ಅವುಗಳಲ್ಲಿ ಒಂಬತ್ತನ್ನು ದೇಹ ತಾನೇ ತಯಾರಿಸಲಾರದು; ಊಟದಿಂದಲೇ ಬರಬೇಕು. ಧಾನ್ಯಗಳಲ್ಲಿ ಲೈಸಿನ್ ಕಡಿಮೆ. ಬೇಳೆಕಾಳುಗಳಲ್ಲಿ ಲೈಸಿನ್ ಧಾರಾಳ, ಮೆಥಿಯೋನಿನ್ ಕಡಿಮೆ. ರಾಗಿಯಲ್ಲಿ ಆ ಮೆಥಿಯೋನಿನ್ ಚೆನ್ನಾಗಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಧಾನ್ಯಕ್ಕೂ ಬೇಳೆಗೂ 3:1ರ ಪ್ರಮಾಣವಿರಲಿ ಎಂದು ತಜ್ಞರು ಹೇಳುವುದು ಇದೇ ಕಾರಣಕ್ಕೆ. ಎರಡೂ ಒಂದೇ ತುತ್ತಿನಲ್ಲಿರಬೇಕೆಂಬ ಹಳೆಯ ನಿಯಮವನ್ನು ಈಗ ಯಾರೂ ಹೇಳುವುದಿಲ್ಲ. ದಿನದ ಊಟಗಳಲ್ಲಿ ಎರಡೂ ಬಂದರೆ ಸಾಕು.

ಇಲ್ಲಿ ಹಳೆಯ ಮೈಸೂರು ಸೀಮೆಯ ಅಕ್ಕಡಿ ಸಾಲು ನೆನಪಾಗದೆ ಇರದು. ರಾಗಿಯ ನಡುನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆಯ ಸಾಲುಗಳು. ಮಳೆ ಕೈಕೊಟ್ಟರೆ ಒಂದಾದರೂ ಉಳಿಯಲಿ, ನೆಲಕ್ಕೆ ಸಾರವೂ ಸೇರಲಿ ಎಂಬುದು ರೈತನ ಲೆಕ್ಕ. ಅಮೈನೋ ಆಮ್ಲದ ಹೆಸರು ಕೇಳದವನ ಹೊಲದಲ್ಲಿ, ಇಂದು ಆಹಾರತಜ್ಞರು ಬರೆದುಕೊಡುವ ಊಟದ ಪಟ್ಟಿ ಸಾಲುಸಾಲಾಗಿ ನಿಂತಿರುತ್ತಿತ್ತು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ತಳಿಗಳನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟು ರಾಗಿಯ ಇಳುವರಿಯನ್ನೇ ಬದಲಿಸಿದರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ‘ಹೆಬ್ಬಾಳ ಅವರೆ’ ತಳಿಗಳಿಂದ ಅವರೆ ಚಳಿಗಾಲಕ್ಕಷ್ಟೇ ಕಟ್ಟುಬೀಳುವುದು ತಪ್ಪಿತು. ಹುರುಳಿಗೆ ಅಂಥ ಭಾಗ್ಯ ಅಷ್ಟಾಗಿ ಬರಲಿಲ್ಲ. ಎತ್ತು, ಕುದುರೆಗಳ ಮೇವೆಂಬ ಹಣೆಪಟ್ಟಿ ಅದಕ್ಕೆ ಅಂಟಿಕೊಂಡೇ ಇದೆ.

ಕಾಳಿನ ದೋಷವನ್ನೂ ಹೇಳಬೇಕು. ಹಸಿ ಕಾಳಿನಲ್ಲಿ ಜೀರ್ಣಕ್ಕೆ ಅಡ್ಡಬರುವ ಅಂಶಗಳಿವೆ, ನಾರು ಹೆಚ್ಚು, ಫೈಟೇಟ್ ಎಂಬ ವಸ್ತು ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೀಗಾಗಿ ಹಾಲು ಮೊಟ್ಟೆಗಳ 20 ಗ್ರಾಂ ಪ್ರೋಟೀನಿಗೂ ಹುರುಳಿಯ 20 ಗ್ರಾಂಗೂ ದೇಹದಲ್ಲಿ ಒಂದೇ ಫಲವಿಲ್ಲ. ಆದರೆ ನಮ್ಮ ಅಡುಗೆಮನೆಗಳು ಇದಕ್ಕೆ ಪರಿಹಾರವನ್ನು ಎಂದೋ ಕಂಡುಕೊಂಡಿವೆ. ರಾತ್ರಿ ನೆನೆಸುವುದು, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವುದು, ಚೆನ್ನಾಗಿ ಬೇಯಿಸುವುದು, ಅವರೆಯನ್ನು ನೆನೆಸಿ ಸಿಪ್ಪೆ ಹಿಚುಕಿ ಹಿತಕಿದ ಬೇಳೆ ಮಾಡುವುದು, ಇವೆಲ್ಲ ರುಚಿಗಷ್ಟೇ ಅಲ್ಲ. ಮೊಳಕೆ ಹುರುಳಿಯ ಸಾರು ಮಾಡುವಾಗ ಒಂದು ಎಚ್ಚರ ಬೇಕು. ಕಟ್ಟನ್ನು ಬಸಿದು ಕುಡಿದು ಕಾಳನ್ನು ಬದಿಗಿಟ್ಟರೆ ಪ್ರೋಟೀನಿನ ಹೆಚ್ಚಿನ ಪಾಲು ಬದಿಗೇ ಹೋಯಿತು. ಕಾಳನ್ನು ತಿನ್ನಬೇಕು.

ತಟ್ಟೆಯಲ್ಲಿ ಎಷ್ಟು?

ಬಿಂಡಿಗನವಿಲೆಯ ಹೊಲಗಳಿಗೆ ಹತ್ತಿರವಾದ ಒಂದು ದಿನದ ಊಟವನ್ನೇ ಲೆಕ್ಕ ಹಾಕೋಣ. ಎಲ್ಲವೂ ಬೇಯಿಸುವ ಮುಂಚಿನ ತೂಕ. ರಾಗಿಹಿಟ್ಟು 150 ಗ್ರಾಂ, ಅಕ್ಕಿ 100 ಗ್ರಾಂ, ಯಾವುದಾದರೂ ಕಾಳು ಅಥವಾ ಬೇಳೆ 100 ಗ್ರಾಂ, ಕಡಲೆಕಾಯಿ ಬೀಜ 50 ಗ್ರಾಂ. ಇದರಿಂದ ಸಿಗುವುದು ಸುಮಾರು 52 ಗ್ರಾಂ ಪ್ರೋಟೀನ್. ಸಾಮಾನ್ಯ ಮನುಷ್ಯನಿಗೆ ಸಾಕು. ಸ್ನಾಯು ಬೆಳೆಸುವವನಿಗೆ ಸಾಲದು. ಇದಕ್ಕೆ 50 ಗ್ರಾಂ ಸೋಯಾ ಚಂಕ್ಸ್ ಸೇರಿಸಿದರೆ ಒಟ್ಟು 78 ಗ್ರಾಂ ಆಗುತ್ತದೆ. ದೇಹತೂಕದ ಕಿಲೋಗೆ 1.3 ಗ್ರಾಂ ಬಂತು. ಡಬ್ಬಿಯ ಅಗತ್ಯ ಬೀಳಲಿಲ್ಲ.

ಸೋಯಾ ಬೇಡವೆನ್ನುವವರು ಕಾಳನ್ನು 200 ಗ್ರಾಂಗೆ ಏರಿಸಬೇಕು. ಕಾಗದದ ಮೇಲೆ ಸುಲಭ. ಹೊಟ್ಟೆಯಲ್ಲಿ ಅಷ್ಟು ಸುಲಭವಲ್ಲ. ಬೆಂದ ಮೇಲೆ ಅದು ಅರ್ಧ ಕಿಲೋ ತೂಗುತ್ತದೆ, ವಾಯುವಿನ ಕಾಟ ಬೇರೆ. ವೀಗನ್ ಪದ್ಧತಿಯಲ್ಲಿ ಮೈಕಟ್ಟು ಬೆಳೆಸುವವರೆಲ್ಲ ಕೊನೆಗೆ ಸೋಯಾದ ಬಾಗಿಲಿಗೇ ಬರುವುದಕ್ಕೆ ಇದೇ ಕಾರಣ. ಅಮೈನೋ ಆಮ್ಲಗಳ ಸಮತೋಲದಲ್ಲಿ ಅದು ಹಾಲಿಗೆ ಬಹಳ ಹತ್ತಿರ. ಸ್ನಾಯು ಕಟ್ಟಲು ಚಾಲನೆ ಕೊಡುವ ಲ್ಯೂಸಿನ್ ಕೂಡ ಅದರಲ್ಲಿ ಚೆನ್ನಾಗಿದೆ. ಸೋಯಾ ಗಂಡಸರ ಹಾರ್ಮೋನನ್ನು ಕೆಡಿಸುತ್ತದೆ ಎಂಬ ಮಾತು ಜಿಮ್ಮುಗಳಲ್ಲಿ ಇನ್ನೂ ಓಡಾಡುತ್ತಿದೆ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2010 ಮತ್ತು 2021ರಲ್ಲಿ ನಡೆದ ವಿಶ್ಲೇಷಣೆಗಳಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ. ಮಾತಿನಲ್ಲಿ ಹುರುಳಿಲ್ಲ ಎನ್ನಬಹುದು.

ಬ್ರೆಜಿಲಿನ ಸಾವೊ ಪಾಲೊದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವೊಂದು ಈ ವಿಷಯದಲ್ಲಿ ಮುಖ್ಯವಾದುದು. 19 ವೀಗನ್ ತರುಣರು, 19 ಮಂದಿ ಮಾಂಸಾಹಾರಿ ತರುಣರು. ಇಬ್ಬರಿಗೂ ಕಿಲೋಗೆ 1.6 ಗ್ರಾಂ ಪ್ರೋಟೀನ್, 12 ವಾರಗಳ ಒಂದೇ ಬಗೆಯ ವ್ಯಾಯಾಮ. ಕಾಲಿನ ಸ್ನಾಯು ಬೆಳೆದುದರಲ್ಲಾಗಲಿ, ಬಲ ಹೆಚ್ಚಿದುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಆ ವೀಗನ್ ತರುಣರು ಪ್ರಮಾಣ ಮುಟ್ಟಲು ಸೋಯಾ ಪ್ರೋಟೀನಿನ ನೆರವು ಪಡೆದಿದ್ದರು ಎಂಬುದನ್ನು ಮರೆಯುವಂತಿಲ್ಲ. ಸಾರಿನ ಕಾಳಿನಿಂದಲೇ ಅದು ಆಯಿತೆಂದು ಯಾರೂ ಸಾಧಿಸಿ ತೋರಿಸಿಲ್ಲ.

ಇನ್ನು ಬಿ12 ಜೀವಸತ್ವ. ನೆಚ್ಚಬಹುದಾದ ಪ್ರಮಾಣದಲ್ಲಿ ಅದು ಯಾವ ಸಸ್ಯದಲ್ಲಿಯೂ ಇಲ್ಲ. ಹಾಲನ್ನೂ ಬಿಟ್ಟವರು ಮಾತ್ರೆಯನ್ನೋ ಬಿ12 ಸೇರಿಸಿದ ಆಹಾರವನ್ನೋ ತೆಗೆದುಕೊಳ್ಳಲೇಬೇಕು. ಇದರಲ್ಲಿ ಚೌಕಾಸಿ ಇಲ್ಲ. ಕ್ಯಾಲ್ಸಿಯಂ ವಿಷಯದಲ್ಲಿ ಮುದ್ದೆಯ ನಾಡಿನವರು ಅದೃಷ್ಟವಂತರು. ನೂರು ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂಗೂ ಹೆಚ್ಚಿದೆ. ಮೂತ್ರಪಿಂಡದ ತೊಂದರೆ ಇರುವವರು ಈ ಲೆಕ್ಕಗಳನ್ನೆಲ್ಲ ಬದಿಗಿಟ್ಟು ವೈದ್ಯರ ಮಾತು ಕೇಳುವುದು ಕ್ಷೇಮ.

ಮೈಸೂರಿನಲ್ಲಿ ಒಮ್ಮೆ ನಡೆದದ್ದು

ಸಸ್ಯಜನ್ಯ ಪ್ರೋಟೀನ್ ಹೊಸ ಫ್ಯಾಷನ್ ಎಂದು ತಿಳಿದವರು ಮೈಸೂರಿನ ಚೆಲುವಾಂಬ ಮಹಲಿನ ಕಡೆ ನೋಡಬೇಕು. 1950ರಲ್ಲಿ ಅಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ನಮ್ಮ ಸಿಎಫ್‌ಟಿಆರ್‌ಐ, ವಿ. ಸುಬ್ರಹ್ಮಣ್ಯನ್ ಅವರ ನೇತೃತ್ವದಲ್ಲಿ ಹಿಡಿದ ಮೊದಲ ಕೆಲಸಗಳಲ್ಲಿ ಇದೂ ಒಂದು. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು, ಜೊತೆಗೆ ಜೀವಸತ್ವ ಮತ್ತು ಕ್ಯಾಲ್ಸಿಯಂ ಸೇರಿಸಿ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಎಂಬ ಪುಡಿಯನ್ನು ಸಂಸ್ಥೆ ಸಿದ್ಧಪಡಿಸಿತು. ಹತ್ತಿರ ಹತ್ತಿರ ಶೇ 40ರಷ್ಟು ಪ್ರೋಟೀನ್ ಇದ್ದ ಆ ಪುಡಿ ಉದ್ದೇಶಿತವಾದದ್ದು ಪೈಲ್ವಾನರಿಗಲ್ಲ, ಹಸಿದ ಮಕ್ಕಳಿಗೆ. ಕಡಲೆಕಾಯಿಯಿಂದ ಹಾಲು ತೆಗೆಯುವ ವಿಧಾನವನ್ನೂ ಅಲ್ಲಿನವರು ರೂಪಿಸಿದ್ದರು. 1960ರಲ್ಲಿ ಇಂಗ್ಲೆಂಡಿನಲ್ಲಿ ಕಡಲೆಕಾಯಿ ಹಿಂಡಿ ತಿಂದ ಟರ್ಕಿ ಕೋಳಿಗಳು ಸತ್ತು ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಬೆಳಕಿಗೆ ಬಂದ ಮೇಲೆ ಕಡಲೆಕಾಯಿ ಹಿಟ್ಟಿನ ಬಗ್ಗೆ ಜಗತ್ತಿನಾದ್ಯಂತ ಅಂಜಿಕೆ ಹುಟ್ಟಿತು. ಬೂಷ್ಟು ಹಿಡಿದ, ಮುದುಡಿದ ಬೀಜವನ್ನು ಆರಿಸಿ ಎಸೆಯಬೇಕೆಂಬ ಎಚ್ಚರಿಕೆ ಇಂದಿಗೂ ಅನ್ವಯಿಸುತ್ತದೆ. ಬಡವರ ಆಹಾರವೆಂದು ಹೆಸರು ಬಿದ್ದ ವಸ್ತುವನ್ನು ಬಡವರೂ ಬಯಸುವುದಿಲ್ಲ. ಅದೇ ಬಗೆಯ ಪುಡಿ ಇಂದು ಮಿನುಗುವ ಡಬ್ಬಿಯಲ್ಲಿ ಉಳ್ಳವರ ಮನೆ ಸೇರುತ್ತಿದೆ.

ಪಟ್ಟಿಯಲ್ಲಿಲ್ಲದ ಕಾಳುಗಳು

ಪ್ರಶ್ನೆ ಜಿಮ್ಮಿಗೆ ಹೋಗುವವರದಷ್ಟೇ ಅಲ್ಲ. ರಾಜ್ಯದ ಶಾಲೆಗಳಲ್ಲಿ ಮೊಟ್ಟೆ ನೀಡುವ ಯೋಜನೆ ಆರಂಭವಾದಾಗ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಎಂದು ಗೊತ್ತುಮಾಡಲಾಯಿತು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ, ಒಂದು ಬಾಳೆಹಣ್ಣಿನಲ್ಲಿ ಒಂದು ಗ್ರಾಂ. ಹಣ್ಣು ಒಳ್ಳೆಯದೇ, ಆದರೆ ಮೊಟ್ಟೆಗೆ ಬದಲಿಯಲ್ಲ. 30 ಗ್ರಾಂ ಹೆಸರುಕಾಳಿನ ಉಸಲಿಯಾದರೆ ಮೊಟ್ಟೆಗೆ ಸರಿದೂಗುತ್ತದೆ. ಮೊಟ್ಟೆ ಬೇಕೇ ಬೇಡವೇ ಎಂದು ವರ್ಷಗಟ್ಟಲೆ ಕಾದಾಡಿದ ಎರಡೂ ಪಕ್ಷಗಳು ಉಸಲಿಯ ಮಾತನ್ನು ಇಷ್ಟೇ ಬಿರುಸಿನಿಂದ ಎತ್ತಿದ್ದರೆ ಚೆನ್ನಾಗಿತ್ತು.

2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟವು ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲಿಗೆ ತೊಗರಿಬೇಳೆಯೂ ಸೇರಿದ ಆಹಾರ ಕಿಟ್ ಕೊಡಲು ತೀರ್ಮಾನಿಸಿತು. ಅಕ್ಕಿಯಿಂದ ಬೇಳೆಯ ಕಡೆಗೆ ಹೊರಳಿದ್ದು ಪೋಷಣೆಯ ದೃಷ್ಟಿಯಿಂದ ಸರಿಯಾದ ಹೆಜ್ಜೆ. ಅದೇ ತಿಂಗಳು ಕೇಂದ್ರವು 11,440 ಕೋಟಿ ರೂಪಾಯಿ ವೆಚ್ಚದ ಬೇಳೆಕಾಳು ಸ್ವಾವಲಂಬನೆ ಯೋಜನೆಗೆ ಚಾಲನೆ ಕೊಟ್ಟಿತು. ಅದರ ಒತ್ತು ಇರುವುದು ತೊಗರಿ, ಉದ್ದು ಮತ್ತು ಮಸೂರಿಗೆ. ಕೇಂದ್ರ ಪ್ರತಿವರ್ಷ ಸಾರುವ ಕನಿಷ್ಠ ಬೆಂಬಲ ಬೆಲೆಯ ಪಟ್ಟಿಯಲ್ಲಿ ರಾಗಿಗೆ ಜಾಗವಿದೆ. 2025–26ಕ್ಕೆ ಕ್ವಿಂಟಲಿಗೆ 4,886 ರೂಪಾಯಿ. ಹುರುಳಿ, ಅವರೆ, ಅಲಸಂದೆಗಳಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಹುರುಳಿ ಬೆಳೆಯುವುದರಲ್ಲಿ ದೇಶದ ಮುಂಚೂಣಿಯಲ್ಲಿರುವ ರಾಜ್ಯ ನಮ್ಮದು. ಈ ಕೊರತೆಯನ್ನು ದೆಹಲಿಗೆ ಮುಟ್ಟಿಸಬೇಕಾದವರೂ ನಾವೇ.

ಕಾಳಿಗೆ ಖಚಿತ ಬೆಲೆಯಿಲ್ಲದ ಕಡೆ ರೈತ ಅದನ್ನು ಹೊಲದ ಅಂಚಿಗೆ ತಳ್ಳುತ್ತಾನೆ. ಯಂತ್ರದ ಕೊಯ್ಲು ಬಂದ ಹೊಲಗಳಲ್ಲಿ ಅಕ್ಕಡಿ ಸಾಲು ಉಳಿಯುವುದೂ ಕಷ್ಟ. ಆಗ ಬಿಂಡಿಗನವಿಲೆಯ ಮನೆಯೂ ಕಾಳನ್ನು ಅಂಗಡಿಯಿಂದಲೇ ತರಬೇಕು. ಸಾರು ತೆಳ್ಳಗಾಗುತ್ತದೆ, ಮುದ್ದೆ ಮಾತ್ರ ಅಷ್ಟೇ ಇರುತ್ತದೆ. ರಾಜ್ಯ ಸರ್ಕಾರ ತನ್ನ ಕಿಟ್ಟಿಗೂ ಶಾಲೆಯ ಬಿಸಿಯೂಟಕ್ಕೂ ಬೇಕಾದ ಕಾಳಿನಲ್ಲಿ ಒಂದು ಪಾಲನ್ನು ಹುರುಳಿ ಮತ್ತು ಅಲಸಂದೆಯಾಗಿ, ನಾಗಮಂಗಲದಂತಹ ಒಣ ತಾಲೂಕುಗಳ ರೈತರಿಂದಲೇ ಮುಂಚಿತವಾಗಿ ಸಾರಿದ ಬೆಲೆಗೆ ಕೊಳ್ಳಲು ಯಾವ ಕಾನೂನೂ ಅಡ್ಡಿಯಾಗಿಲ್ಲ. ಮುಂದಿನ ಮುಂಗಾರಿನ ಬಿತ್ತನೆಗೆ ಮುನ್ನ ಆ ಬೆಲೆ ಗೊತ್ತಾದರೆ ಮಾತ್ರ ಹುರುಳಿ ಹೊಲದ ಅಂಚಿನಿಂದ ಒಳಗೆ ಬಂದೀತು.