ಮನೆಯ ಚಿನ್ನ, ಮಕ್ಕಳ ಬೀಜಗಣಿತ

ವಿವಾಹಕಾಲ ಸಮೀಪಿಸಿತೆಂದರೆ ಹಿರಿಯರ ಹಳೆಯ ಒಡವೆಗಳನ್ನು ಕರಗಿಸಿ ಮಗಳಿಗೆ ಹೊಸದನ್ನು ಮಾಡಿಸುವ ಯೋಚನೆ ಅನೇಕ ಮನೆಗಳಲ್ಲಿ ಮೂಡುವುದು ಸಹಜ. ಆಗ ಅಂಗಡಿಯಲ್ಲಿ ಹೇಳಿದ ಲೆಕ್ಕಕ್ಕೆ ತಲೆದೂಗುವುದೇ ನಮ್ಮ ರೂಢಿ. ಅದೇ ಮನೆಯ ಮಕ್ಕಳು ಹಾಲು-ನೀರಿನ ಮಿಶ್ರಣದ ಲೆಕ್ಕವನ್ನು ಬಿಡಿಸುತ್ತಿರುತ್ತಾರೆ. ಎರಡೂ ಒಂದೇ ಲೆಕ್ಕವೆಂಬುದು ಯಾರ ಗಮನಕ್ಕೂ ಬಾರದು.

ಕನ್ನಡನಾಡಿಗೆ ಇದು ಹೊಸ ವಿದ್ಯೆಯಲ್ಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಅದರ ಮಿಶ್ರಕ ವ್ಯವಹಾರವೆಂಬ ಭಾಗದಲ್ಲಿ ಚಿನ್ನ ಬೆರೆಸುವ ಲೆಕ್ಕಗಳಿವೆ. ಅಲ್ಲಿ ಶುದ್ಧತೆಯ ಅಳತೆಗೆ 'ವರ್ಣ'ವೆಂದು ಹೆಸರು; ಅಪ್ಪಟ ಚಿನ್ನವೆಂದರೆ 16 ವರ್ಣ. ಇಂದು ನಾವು 24 ಕ್ಯಾರೆಟ್ ಎನ್ನುತ್ತೇವೆ. ಪ್ರತಿಯೊಂದು ತುಂಡಿನ ತೂಕವನ್ನು ಅದರ ವರ್ಣದಿಂದ ಗುಣಿಸಿ, ಗುಣಲಬ್ಧಗಳನ್ನು ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರೆ ಮಿಶ್ರಣದ ವರ್ಣ ದೊರೆಯುವುದೆಂಬುದು ಆಚಾರ್ಯರ ನಿಯಮ.

ಮಣ್ಣಗುಡ್ಡದ ಒಂದು ಮನೆಯಲ್ಲಿ 18 ಕ್ಯಾರೆಟಿನ 30 ಗ್ರಾಂ ಹಳೆಯ ಒಡವೆ ಇದೆಯೆಂದು ಭಾವಿಸೋಣ. ಅದಕ್ಕೆ ಅಪ್ಪಟ ಚಿನ್ನ ಬೆರೆಸಿ 22 ಕ್ಯಾರೆಟ್ ಮಾಡಬೇಕು. ಎಷ್ಟು ಬೆರೆಸಬೇಕು? ಸಮಸಮವಾಗಿ 30 ಗ್ರಾಂ ಸಾಕೆಂದು ಮನಸ್ಸು ಊಹಿಸುತ್ತದೆ. ಆದರೆ ಹಾಗೆ ಮಾಡಿದರೆ ಸಿಗುವುದು 21 ಕ್ಯಾರೆಟ್ ಮಾತ್ರ. ಬೇಕಾದ ತೂಕವನ್ನು 'ಕ್ಷ' ಎನ್ನೋಣ.

18 × 30 + 24 ಕ್ಷ = 22 (30 + ಕ್ಷ)

540 + 24 ಕ್ಷ = 660 + 22 ಕ್ಷ

2 ಕ್ಷ = 120; ಕ್ಷ = 60 ಗ್ರಾಂ.

ಬೆರೆಸಿದ ಚಿನ್ನವು ಒಟ್ಟು ತೂಕದಲ್ಲಿಯೂ ಸೇರುತ್ತದೆ; ಆದುದರಿಂದಲೇ ಬಲಬದಿಯಲ್ಲಿ 30 ಮಾತ್ರ ಬರೆಯದೆ 30 + ಕ್ಷ ಎಂದು ಬರೆಯಬೇಕು. ಮಕ್ಕಳು ಎಡವುವುದು ಇಲ್ಲಿಯೇ.

ಅರವತ್ತು ಗ್ರಾಂ ಕೊಳ್ಳುವುದು ಎಲ್ಲರಿಗೂ ಸಾಧ್ಯವೇ? ಹಳೆಯ ಚಿನ್ನವನ್ನೇ ಶುದ್ಧೀಕರಿಸಿದರೆ ಏನು ಸಿಗುವುದೆಂದೂ ನೋಡೋಣ. ಆ 30 ಗ್ರಾಂ ಒಡವೆಯಲ್ಲಿರುವ ಅಪ್ಪಟ ಚಿನ್ನ 30 × 18 ÷ 24, ಅಂದರೆ 22.5 ಗ್ರಾಂ. ಕರಗಿಸಿದಾಗಿನ ನಷ್ಟವನ್ನು ಬಿಟ್ಟರೆ ಅದರಿಂದ 22 ಕ್ಯಾರೆಟಿನ ಸುಮಾರು 24.5 ಗ್ರಾಂ ಒಡವೆಯಾಗುತ್ತದೆ. ಮಿಶ್ರಣ ಎಷ್ಟು ಬದಲಾದರೂ ಒಳಗಿನ ಅಪ್ಪಟ ಚಿನ್ನದ ತೂಕ ತಾನಾಗಿ ಹೆಚ್ಚದು. ಸಮೀಕರಣದ ಎರಡು ಬದಿಗಳನ್ನು ಸಮವಾಗಿಸುವುದೂ ಈ ಸತ್ಯವೇ.

ಆದರೆ ಲೆಕ್ಕಕ್ಕೆ ಮೊದಲು ಅಳತೆ ಸರಿಯಿರಬೇಕು. ಹರಳು, ಅರಗುಗಳನ್ನು ತೆಗೆದು ತೂಗಿಸಿರಿ. ಹಳೆಯ ಒಡವೆ ಎಷ್ಟು ಕ್ಯಾರೆಟಿನದೆಂದು ಊಹಿಸದೆ ಪರೀಕ್ಷೆ ಮಾಡಿಸಿರಿ. ದೇಶದ 256 ಜಿಲ್ಲೆಗಳಲ್ಲಿ 2021ರ ಜೂನ್ 16ರಿಂದ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಒಡವೆಯ ಮೇಲಿನ 916 ಎಂಬ ಅಂಕೆಯು ಸಾವಿರದಲ್ಲಿ 916 ಭಾಗ ಚಿನ್ನ, ಅಂದರೆ 22 ಕ್ಯಾರೆಟ್ ಎಂದು ಸೂಚಿಸುತ್ತದೆ. 750 ಎಂದಿದ್ದರೆ 18 ಕ್ಯಾರೆಟ್.

ಈ ತಿಂಗಳ ಅಭ್ಯಾಸ: 20 ಕ್ಯಾರೆಟಿನ 40 ಗ್ರಾಂ ಚಿನ್ನವನ್ನು 22 ಕ್ಯಾರೆಟ್ ಮಾಡಲು ಎಷ್ಟು ಅಪ್ಪಟ ಚಿನ್ನ ಬೇಕು? ಇಲ್ಲಿ ಸಮಸಮದ ಊಹೆಯೇ ಸರಿಯಾಗುತ್ತದೆ. ಏಕೆಂಬುದನ್ನು ಮಕ್ಕಳಿಂದಲೇ ಹೇಳಿಸಿರಿ.