ಮನೆಯ ಕಾವಲುಗಾರನ ಮೈತುರಿಕೆ

ದತ್ತಾತ್ರೇಯನ ಪಟದಲ್ಲಿ ದೇವರ ಪಾದದ ಬಳಿ ನಾಲ್ಕು ನಾಯಿಗಳು ನಿಂತಿರುವುದನ್ನು ನಮ್ಮ ಮನೆಗಳ ಮಕ್ಕಳೆಲ್ಲ ಬಲ್ಲರು. ಮಕ್ತಲದಾಚೆ ಕೃಷ್ಣೆಯ ನಡುಗಡ್ಡೆಯಲ್ಲಿರುವ ಕುರವಪುರಕ್ಕೆ ನಡೆದುಕೊಳ್ಳುವ ಮನೆತನಗಳಲ್ಲಿ ಆ ಪಟಕ್ಕೆ ನಿತ್ಯವೂ ಹೂವು ಏರುತ್ತದೆ. ಆದರೆ ಅದೇ ಮನೆಯ ಅಂಗಳದ ನಾಯಿಗೆ ಮೈತುರಿಕೆ ಹತ್ತಿ, ಕೂದಲುದುರಿ, ಚರ್ಮ ಕೆಂಪಾದಾಗ ಅದಕ್ಕೆ ‘ಕಜ್ಜಿ ನಾಯಿ’ ಎಂಬ ಹೆಸರು ಬಂದು, ಊರ ಹೊರಗೆ ಬಿಟ್ಟು ಬರುವ ಮಾತು ಮೊದಲಾಗುತ್ತದೆ. ತುರಿಕೆಯ ಬಹುತೇಕ ಕಾರಣಗಳಿಗೆ ಇಂದು ಒಳ್ಳೆಯ ಉಪಚಾರವಿರುವಾಗ ಹೀಗಾಗುವುದು ವಿಷಾದದ ಸಂಗತಿ. ಆದ್ದರಿಂದ ಈ ತಿಂಗಳು ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ತುರಿಕೆಯೆಂಬುದು ರೋಗವಲ್ಲ, ರೋಗದ ಲಕ್ಷಣ ಎಂಬುದನ್ನು ಮೊದಲು ತಿಳಿಯಬೇಕು. ಜ್ವರಕ್ಕೆ ಹತ್ತು ಕಾರಣಗಳಿರುವಂತೆ ತುರಿಕೆಗೂ ಹತ್ತು ಕಾರಣಗಳುಂಟು. ಔಷಧಿಯ ಅಂಗಡಿಗೆ ಹೋಗುವ ಮುನ್ನ, ನಾಯಿ ತನ್ನ ಮೈಯಲ್ಲಿ ಎಲ್ಲೆಲ್ಲಿ ಕೆರೆದುಕೊಳ್ಳುತ್ತದೆ, ಎಂದಿನಿಂದ ಕೆರೆದುಕೊಳ್ಳುತ್ತದೆ ಎಂಬುದನ್ನು ಎರಡು ದಿನ ಕುಳಿತು ನೋಡುವುದು ಲೇಸು.

ಪಾದವನ್ನು ಕಚ್ಚುವ, ನೆಕ್ಕುವ ನಾಯಿಯ ವಿಷಯದಲ್ಲಿ ಈ ನೋಟ ವಿಶೇಷವಾಗಿ ಉಪಯೋಗಕ್ಕೆ ಬರುತ್ತದೆ. ಒಂದೇ ಪಾದವನ್ನು ಕಚ್ಚುತ್ತಿದ್ದರೆ ಅಲ್ಲಿ ನೋವಿಗೆ ಕಾರಣವೊಂದು ಇದೆಯೆಂದು ತಿಳಿಯಬೇಕು. ನೆಗ್ಗಿಲ ಮುಳ್ಳು, ಒಣಹುಲ್ಲಿನ ಚೂಪಾದ ಕಡ್ಡಿ, ಮುರಿದ ಉಗುರು, ಬೆರಳುಗಳ ಸಂದಿನಲ್ಲಿ ಕಚ್ಚಿ ಕುಳಿತ ಉಣ್ಣೆ, ಬಿಸಿಲಿಗೆ ಕಾದ ಪರಸಿಕಲ್ಲಿನ ಮೇಲೆ ನಡೆದು ಸುಟ್ಟ ಅಂಗಾಲು, ಇವುಗಳಲ್ಲಿ ಯಾವುದೂ ಆಗಬಹುದು. ಎರಡು ಮುಂಗಾಲುಗಳನ್ನೋ ನಾಲ್ಕೂ ಪಾದಗಳನ್ನೋ ತಿಂಗಳುಗಟ್ಟಲೆ ನೆಕ್ಕುತ್ತಿದ್ದರೆ ಮೂಲವು ಸಾಮಾನ್ಯವಾಗಿ ಅಲರ್ಜಿ. ಬಿಳಿಯ ಕೂದಲಿನ ನಾಯಿಯಾದರೆ ಜೊಲ್ಲಿನ ಕಾರಣದಿಂದ ಪಾದದ ಕೂದಲು ಕೆಂಗಂದು ಬಣ್ಣಕ್ಕೆ ತಿರುಗಿರುತ್ತದೆ. ಸದಾ ಒದ್ದೆಯಾದ ಆ ಸಂದಿನಲ್ಲಿ ಬೂಷ್ಟು ಜಾತಿಯ ಸೂಕ್ಷ್ಮಜೀವಿಗಳು ಬೆಳೆದು, ದುರ್ವಾಸನೆ ಹುಟ್ಟಿ, ತುರಿಕೆ ಇಮ್ಮಡಿಯಾಗುತ್ತದೆ. ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕಿದ ನಾಯಿ ಬೇಸರದಿಂದಲೂ ಪಾದ ಕಚ್ಚುವುದುಂಟು. ಆದರೆ ಉಳಿದ ಕಾರಣಗಳನ್ನು ನೋಡಿದ ಮೇಲೆಯೇ ಹಾಗೆನ್ನಬೇಕು.

ನಮ್ಮ ಸೀಮೆಯಲ್ಲಿ ಮೊದಲು ಹುಡುಕಬೇಕಾದ ಶತ್ರುಗಳು ಚಿಗಟ ಮತ್ತು ಉಣ್ಣೆ. ಬಾಲದ ಬುಡದಲ್ಲಿಯೂ ಸೊಂಟದ ಮೇಲೆಯೂ ಹೆಚ್ಚು ಕೆರೆದುಕೊಂಡರೆ ಚಿಗಟವನ್ನು ಶಂಕಿಸಬೇಕು. ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆ ಹೀಗಿದೆ: ಸಣ್ಣ ಹಲ್ಲಿನ ಹಣಿಗೆಯಿಂದ ಬಾಚಿ, ಉದುರಿದ ಕರಿಯ ಕಣಗಳನ್ನು ಒದ್ದೆ ಬಿಳಿ ಅರಿವೆಯ ಮೇಲೆ ಇಡಿರಿ. ಸುತ್ತಲೂ ಕೆಂಪು ಬಣ್ಣ ಹರಡಿದರೆ ಅದು ಮಣ್ಣಲ್ಲ, ನಾಯಿಯ ರಕ್ತವನ್ನು ಕುಡಿದ ಚಿಗಟದ ಹಿಕ್ಕೆ. ಚಿಗಟದ ಮೊಟ್ಟೆಗಳು ನೆಲಕ್ಕೆ ಉದುರುತ್ತವೆ. ಅದರ ಕೋಶಗಳು ನೆಲದ ಬಿರುಕಿನಲ್ಲಿ ವಾರಗಟ್ಟಲೆ ಅಡಗಿರುತ್ತವೆ. ಆದುದರಿಂದ ನಾಯಿಗೆ ಒಮ್ಮೆ ಔಷಧಿ ಹಾಕಿ ಬಿಟ್ಟರೆ ಸಾಲದು. ಕನಿಷ್ಠ ಮೂರು ತಿಂಗಳು ಮುಂದುವರಿಸಬೇಕು.

ಉಣ್ಣೆಯ ಸ್ವಭಾವವೂ ಇಂಥದೇ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ನಾಯಿಯಿಂದ ಕಳಚಿ ಗೋಡೆಯ ಬಿರುಕು ಸೇರಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮಣ್ಣಿನ ಗೋಡೆ, ಪರಸಿಕಲ್ಲಿನ ಸಂದು, ಹಳೆಯ ಕಟ್ಟೆ, ಇವೆಲ್ಲವೂ ಅದಕ್ಕೆ ಅರಮನೆಗಳೇ. ಬಿರುಕು ಮುಚ್ಚಿಸಿ, ನಾಯಿ ಮಲಗುವ ಗೋಣಿತಾಟನ್ನು ಆಗಾಗ ಬದಲಿಸಿ, ಬಿಸಿಲಿಗೆ ಹಾಕುವುದು ಅವಶ್ಯಕ. ಕಚ್ಚಿದ ಉಣ್ಣೆಯನ್ನು ಚಿಮಟಿಗೆಯಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಕೀಳಬೇಕು, ಬೆರಳಿನಲ್ಲಿ ಹಿಸುಕಲಾಗದು. ಉಣ್ಣೆಯಿಂದ ಹರಡುವ ರಕ್ತದ ರೋಗಗಳು ನಾಯಿಯ ಪ್ರಾಣಕ್ಕೇ ಕುತ್ತು ತರಬಲ್ಲವು. ನಾಯಿ ಊಟ ಬಿಟ್ಟು, ಜ್ವರ ಬಂದು, ವಸಡು ಬಿಳಿಚಿಕೊಂಡರೆ ಒಂದು ದಿನವೂ ತಡಮಾಡಬಾರದು.

ಇನ್ನು ಕಜ್ಜಿ. ಇದರಲ್ಲಿ ಎರಡು ಬಗೆ. ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಭಾಗಗಳಲ್ಲಿ ಹಕ್ಕಳೆ ಕಟ್ಟಿ, ರಾತ್ರಿಯೂ ನಿದ್ರೆಗೆಡಿಸುವ ತೀವ್ರ ತುರಿಕೆಯುಳ್ಳದ್ದು ಅಂಟುಕಜ್ಜಿ. ಕಿವಿಯಂಚನ್ನು ಬೆರಳಿನಿಂದ ತಿಕ್ಕಿದರೆ ಇಂಥ ನಾಯಿ ಹಿಂಗಾಲನ್ನು ತಾನಾಗಿ ಆಡಿಸುವುದು ಒಂದು ಗುರುತು. ಇದು ಇತರ ನಾಯಿಗಳಿಗೆ ಹತ್ತುತ್ತದೆ. ಅದನ್ನು ಎತ್ತಿ ಆಡಿಸುವ ಮಕ್ಕಳಿಗೂ ಕೆಂಪು ಗುಳ್ಳೆಗಳಾಗುತ್ತವೆ. ನಾಯಿಗೆ ಚಿಕಿತ್ಸೆಯಾದ ಮೇಲೆ ಮಕ್ಕಳ ಗುಳ್ಳೆಗಳು ಸಾಮಾನ್ಯವಾಗಿ ತಾವಾಗಿಯೇ ಇಳಿಯುತ್ತವೆ. ಎರಡನೆಯದು ಮರಿಗಳಲ್ಲಿ ಹೆಚ್ಚು: ಮುಖ ಮತ್ತು ಪಾದಗಳಲ್ಲಿ ಅಲ್ಲಲ್ಲಿ ಕೂದಲುದುರುತ್ತದೆ, ತುರಿಕೆ ಕಡಿಮೆ, ಮನುಷ್ಯರಿಗೆ ಹತ್ತುವುದಿಲ್ಲ. ಎರಡನ್ನೂ ಬೇರ್ಪಡಿಸಲು ವೈದ್ಯರು ಚರ್ಮವನ್ನು ತುಸು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಈ ಪರೀಕ್ಷೆಯಿಲ್ಲದೆ ಸ್ಟಿರಾಯ್ಡ್ ಕೊಡಿಸಿದರೆ ತುರಿಕೆ ನಾಲ್ಕು ದಿನ ಅಡಗಿ, ಕಜ್ಜಿ ಮೈಯೆಲ್ಲ ಹರಡುತ್ತದೆ.

ಕೀಟಗಳಿಲ್ಲ, ಕಜ್ಜಿಯಿಲ್ಲ, ಆದರೂ ಪಾದ, ಕಂಕುಳು, ಹೊಟ್ಟೆ, ಕಿವಿಗಳ ತುರಿಕೆ ಮರಳಿ ಮರಳಿ ಬರುತ್ತಿದೆಯೆಂದರೆ ಅದು ಅಲರ್ಜಿ. ಧೂಳು, ಪರಾಗ, ಬೂಷ್ಟುಗಳಿಂದ ಬರುವುದು ಸಾಮಾನ್ಯವಾಗಿ ಆರು ತಿಂಗಳಿನಿಂದ ಮೂರು ವರ್ಷದೊಳಗೆ ತಲೆದೋರುತ್ತದೆ. ಹೊಲದ ಬದುವಿನ ಕಾಂಗ್ರೆಸ್ ಕಸವೂ ಕೆಲವು ನಾಯಿಗಳ ಚರ್ಮವನ್ನು ಕೆರಳಿಸುತ್ತದೆ. ಆಹಾರದ ಅಲರ್ಜಿಯಲ್ಲಿ ಗೋಮಾಂಸ, ಹಾಲು, ಕೋಳಿಮಾಂಸ, ಗೋಧಿಗಳ ಹೆಸರು ಮುಂದೆ ಬರುತ್ತದೆ. ಅದನ್ನು ಪತ್ತೆಮಾಡಲು, ನಾಯಿ ಹಿಂದೆಂದೂ ತಿನ್ನದ ಆಹಾರವನ್ನೇ ವೈದ್ಯರ ಸಲಹೆಯಂತೆ ಎಂಟು ವಾರ ಕೊಟ್ಟು ನೋಡಬೇಕು. ಆ ಅವಧಿಯಲ್ಲಿ ಅಜ್ಜಿ ಕೊಟ್ಟ ಒಂದು ಬಿಸ್ಕೀಟೂ ಪರೀಕ್ಷೆಯನ್ನು ಕೆಡಿಸುತ್ತದೆಂಬುದು ಮನೆಯವರಿಗೆಲ್ಲ ತಿಳಿದಿರಲಿ. ಧೂಳು, ಪರಾಗಗಳ ಅಲರ್ಜಿಯನ್ನು ಬೇರುಸಹಿತ ಕೀಳಲಾಗದು, ಹತೋಟಿಯಲ್ಲಿಡಬಹುದು.

ಈಗ ಅತಿ ಮುಖ್ಯವಾದ ಮಾತು. ಗದ್ವಾಲದ ನಡಿಗಡ್ಡೆಯಲ್ಲಿ ಹತ್ತಿಬೀಜದ ಬೆಳೆ ಹೆಚ್ಚು. ಮಕ್ತಲ, ನಾರಾಯಣಪೇಟೆಗಳ ಹೊಲಗಳಲ್ಲಿಯೂ ಕೀಟನಾಶಕದ ಡಬ್ಬಿ ಇಲ್ಲದ ಮನೆ ಅಪರೂಪ. ‘ಹುಳ ಸಾಯಿಸುವ ಔಷಧಿ ಉಣ್ಣೆಯನ್ನೂ ಸಾಯಿಸದೇ?’ ಎಂದು ಅದನ್ನು ನೀರಿಗೆ ಬೆರೆಸಿ ನಾಯಿಯ ಮೈಗೆ ಬಳಿಯುವುದು ಪ್ರಾಣಘಾತಕ. ಚರ್ಮದಿಂದಲೂ, ನೆಕ್ಕಿದ ನಾಲಿಗೆಯಿಂದಲೂ ವಿಷ ಒಳಸೇರುತ್ತದೆ. ಜೊಲ್ಲು, ವಾಂತಿ, ನಡುಕ, ಸೆಳವು ಕಾಣಿಸಿ ಕೆಲವೇ ಗಂಟೆಗಳಲ್ಲಿ ನಾಯಿ ಸಾಯಬಹುದು. ಬಳಿದ ಕೈಗೂ ಅಪಾಯವೇ. ಹಾಗಾಗಿದ್ದಲ್ಲಿ ಕೈಚೀಲ ತೊಟ್ಟು, ಸಾಬೂನು ನೀರಿನಿಂದ ತೊಳೆದು, ಡಬ್ಬಿಯ ಚೀಟಿಯೊಂದಿಗೆ ಕೂಡಲೇ ದವಾಖಾನೆಗೆ ಒಯ್ಯಿರಿ. ಸೀಮೆಎಣ್ಣೆ, ಸುಟ್ಟ ಎಂಜಿನ್ ಎಣ್ಣೆ, ಫಿನಾಯಿಲುಗಳೂ ಚರ್ಮವನ್ನು ಸುಡುತ್ತವೆ. ಮನುಷ್ಯರ ನೋವಿನ ಗುಳಿಗೆಗಳನ್ನು ಕೊಡಲೇಬಾರದು. ನಾಯಿಗೆಂದು ತಂದ ಪರ್ಮೆಥ್ರಿನ್ ಬೆಕ್ಕಿಗೆ ವಿಷವೆಂಬುದೂ ನೆನಪಿರಲಿ.

ಹಾಗಾದರೆ ಮನೆಯಲ್ಲಿ ಮಾಡತಕ್ಕದ್ದೇನು? ಹೊರಗಿನಿಂದ ಬಂದ ಕೂಡಲೇ ನಾಲ್ಕೂ ಪಾದಗಳನ್ನು ತಣ್ಣೀರಿನಲ್ಲಿ ತೊಳೆದು, ಬೆರಳುಗಳ ಸಂದನ್ನು ಒಣ ಅರಿವೆಯಿಂದ ಒರೆಸಿರಿ. ಒರೆಸುವುದೇ ತೊಳೆಯುವುದಕ್ಕಿಂತ ಮುಖ್ಯ. ಸ್ನಾನಕ್ಕೆ ನಾಯಿಯ ಶಾಂಪೂವನ್ನೇ ಬಳಸಿರಿ. ವೈದ್ಯರು ಔಷಧಿಯ ಶಾಂಪೂ ಹೇಳಿದ್ದರೆ ನೊರೆಯನ್ನು ಹತ್ತು ನಿಮಿಷ ಮೈಮೇಲೆ ಬಿಟ್ಟು ತೊಳೆಯಿರಿ. ಉಣ್ಣೆ, ಚಿಗಟಗಳಿಗೆ ಈಗ ನುಂಗಿಸುವ ಗುಳಿಗೆಗಳು ಬಂದಿವೆ. ತೂಕ ನೋಡಿ ಕೊಡಬೇಕು. ಮೊದಲು ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಅವಶ್ಯ ತಿಳಿಸಬೇಕು.

ನಮ್ಮಲ್ಲಿ ಮನೆಮಾತು ಕನ್ನಡ, ದವಾಖಾನೆಯ ಮಾತು ತೆಲುಗು. ತುರಿಕೆಗೆ ‘ದುರದ’, ಕಜ್ಜಿಗೆ ‘ಗಜ್ಜಿ’, ಉಣ್ಣೆಗಳಿಗೆ ‘ಪಿಡುದುಲು’ ಎಂದರೆ ವೈದ್ಯರಿಗೆ ತಿಳಿಯುತ್ತದೆ. ಎಂದಿನಿಂದ, ಎಲ್ಲೆಲ್ಲಿ, ಏನು ತಿನ್ನಿಸುತ್ತೀರಿ, ಏನು ಹಚ್ಚಿದ್ದೀರಿ ಎಂಬ ನಾಲ್ಕು ಉತ್ತರಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಅರ್ಧ ಕೆಲಸವಾದಂತೆ. ಸಮೀಪದಲ್ಲಿ ಗುಣ ಕಾಣದಿದ್ದರೆ ಹೈದರಾಬಾದಿನ ರಾಜೇಂದ್ರನಗರದ ಪಶುವೈದ್ಯ ಕಾಲೇಜೂ, ಗಡಿಯಾಚೆ ಬೀದರಿನ ಕಾಲೇಜೂ ಇವೆ.

ಕೊನೆಯದಾಗಿ ಒಂದು ಎಚ್ಚರಿಕೆ. ಬೇರೆ ನಾಯಿ ಕಚ್ಚಿದ ಜಾಗವನ್ನೇ ಬಿಡದೆ ಕಡಿದುಕೊಳ್ಳುತ್ತ, ಸ್ವಭಾವ ಬದಲಾಗಿ, ಜೊಲ್ಲು ಸುರಿಸುವ ನಾಯಿಯನ್ನು ಮುಟ್ಟಬೇಡಿರಿ. ಅದು ಹುಚ್ಚಿನ ಲಕ್ಷಣವಾಗಿರಬಹುದು. ಪ್ರತಿವರ್ಷದ ಹುಚ್ಚುನಾಯಿ ಚುಚ್ಚುಮದ್ದನ್ನು ತಪ್ಪಿಸಕೂಡದು. ಉಳಿದಂತೆ, ತನ್ನ ಪಾದವನ್ನು ತಾನೇ ಕಚ್ಚುವ ನಾಯಿಯನ್ನು ಗದರಿಸಿ ಫಲವಿಲ್ಲ. ಮಾತು ಬಾರದ ಪ್ರಾಣಿ ತನ್ನ ನೋವಿನ ಜಾಗವನ್ನು ಹಾಗೆ ತೋರಿಸುತ್ತಿರುತ್ತದೆ. ಇಂದು ಸಂಜೆ ದೀಪ ಹಚ್ಚಿದ ಮೇಲೆ ನಿಮ್ಮ ನಾಯಿಯನ್ನು ಹತ್ತಿರ ಕರೆದು, ನಾಲ್ಕೂ ಪಾದಗಳ ಬೆರಳ ಸಂದುಗಳನ್ನು ಒಮ್ಮೆ ಬಿಡಿಸಿ ನೋಡಿರಿ.